ಹಸ್ತಾಂತರ

ಬಾ ಪಿಯೆದಾದ್, ಇನ್ನೂ ಎಂಟಾಗಿಲ್ಲ,
ಕಿಟ್ ತೊಡುವ ಮೊದಲು ಒಂದು ಗಳಿಗೆ ಕೂತುಕೋ.
ಕಿಟಕಿ ತೆರೆದಿದ್ದೇನೆ. ಆಚೆ ಸಮುದ್ರವಿದೆಯಂತೆ;
ನನಗೆ ಮೂರು ತಿಂಗಳಿಂದ ಅದರ ವಾಸನೆ ಬಂದಿಲ್ಲ.
ಬೈತಖೋಲದಲ್ಲಿ ಹುಟ್ಟಿದವಳಿಗೆ
ಬಂಗಡೆ ಯಾವುದು ಬ್ಲೀಚಿಂಗ್ ಯಾವುದು ತಿಳಿಯದು ಎಂದರೆ
ಅಪ್ಪ ನಗುತ್ತಾನೆ, ನಗುತ್ತಲೇ ಎದ್ದು ಹೋಗಿ
ಬಲೆಯಲ್ಲಿ ಹರಕು ಹುಡುಕುತ್ತಾನೆ.

ಬರೆದುಕೋ.
ಮೂರನೇ ಮಂಚದ ಮಾಸ್ತರರು ಬೋರಲು ಮಲಗಿದ್ದಾರೆ,
ಎಂಬತ್ತೊಂಬತ್ತು, ತೊಂಬತ್ತು, ಮತ್ತೆ ಎಂಬತ್ತೊಂಬತ್ತು,
ಮಗ್ಗಿ ತಪ್ಪಿದ ಹುಡುಗನ ಹಾಗೆ ಯಂತ್ರ ಅಲ್ಲೇ ನಿಂತಿದೆ.
ಐದು, ಮಾಜಾಳಿಯ ಬಾಣಂತಿ. ಹಾಲು ಕಟ್ಟಿ ಎದೆ ಕಲ್ಲಾಗಿದೆ,
ಕೂಸು ಕೋಡಿಬಾಗದಲ್ಲಿ, ಅತ್ತಿಗೆಯ ಬಳಿ.
ವಿಡಿಯೋದಲ್ಲಿ ತೋರಿಸಬೇಡ. ನಿನ್ನೆ ನಾನು ತೋರಿಸಿದೆ;
ಅಳು ಕೇಳಿದ್ದೇ ತಡ ಅಂಗಿ ತೊಯ್ದು ಹೋಯಿತು,
ಅವಳೂ ಅತ್ತಳು, ಅಂಕಿ ಎಂಬತ್ತಕ್ಕೆ ಇಳಿಯಿತು.
ಹನ್ನೊಂದು ಖಾಲಿ.
ಖಾಲಿ ಎಂದರೆ, ಹೌದು, ನಾಲ್ಕೂ ಇಪ್ಪತ್ತಕ್ಕೆ.
ಆ ಅಮ್ಮನ ಫೋನು ಕಪಾಟಿನ ಕೆಳಗಿನ ಖಾನೆಯಲ್ಲಿದೆ,
'ಮನೆ' ಎಂದು ಬರುತ್ತಿರುತ್ತದೆ ಪರದೆಯ ಮೇಲೆ.
ಎತ್ತಬೇಡ, ಡಾಕ್ಟರು ಹೇಳಿಯಾಗಿದೆ.
ಆದರೂ ಕರೆಯುತ್ತಾರೆ.

ಏಳರದು ಆಮೇಲೆ ಹೇಳುತ್ತೇನೆ.

ನನ್ನ ಮೂಗಿನ ಮೇಲಿನ ಗೆರೆ ಈಗ ಹುಟ್ಟುಮಚ್ಚೆಯಷ್ಟೇ ಕಾಯಂ,
ಮಗಳು ನನ್ನ ಚಿತ್ರ ಬರೆದರೆ ಮೊದಲು ಅದನ್ನೇ ಎಳೆಯುತ್ತಾಳೆ.
ಹೋದ ವರ್ಷ ತಟ್ಟೆ ಬಡಿದರಲ್ಲ ನಮ್ಮ ಗಲ್ಲಿಯಲ್ಲಿ,
ಅದೇ ತಟ್ಟೆಯ ಮನೆಯವರು ಈಗ ನನ್ನ ನೆರಳು ಕಂಡರೆ
ಬಾವಿಯ ಹಗ್ಗ ಒಳಗಿಡುತ್ತಾರೆ.
ಸಿಟ್ಟಿಲ್ಲ. ಸಿಟ್ಟು ಬರಲಿಕ್ಕೂ ಒಳಗೆ ಏನಾದರೂ ಬೇಕಲ್ಲ,
ಕುದಿಯಲಿಕ್ಕೆ ನೀರಾದರೂ.
ರಜೆಚೀಟಿ ಬರೆಯಲು ಕೂತಿದ್ದೆ.
'ಕಾರಣ' ಎಂದು ಬರೆದು ಅರ್ಧ ಗಂಟೆ ಪೆನ್ನು ಹಿಡಿದೇ ಇದ್ದೆ.
ಜ್ವರವಿಲ್ಲ, ಕೆಮ್ಮಿಲ್ಲ, ಮನೆಯಲ್ಲಿ ಯಾರೂ ಸತ್ತಿಲ್ಲ.
ಕೊನೆಗೆ ಅದೇ ಕಾಗದದಲ್ಲಿ
ಹನ್ನೊಂದರ ಅಮ್ಮನ ಕಿವಿಯೋಲೆ ಕಟ್ಟಿಟ್ಟೆ.

ಏಳು. ಜಟ್ಟಿ ಹರಿಕಂತ್ರ, ಅರವತ್ತೆರಡು.
ಎರಡೂವರೆಗೆ ಗಂಟೆ ಒತ್ತಿದ.
ಕೇಳಿಸಿತು, ಪಿಯೆದಾದ್.
ಕೇಳಿಸಿಯೂ ನಾನು ಏಳಲಿಲ್ಲ.
ನಿದ್ದೆಯಲ್ಲ, ತಲೆ ಸುತ್ತಲಿಲ್ಲ, ಕಾಲು ಸೋತಿರಲಿಲ್ಲ.
ಸ್ಟೂಲಿನ ಮೇಲೆ ಕೂತು ಗೋಡೆಯ ಗಡಿಯಾರ ನೋಡಿದೆ,
ಸೆಕೆಂಡಿನ ಮುಳ್ಳು ನಾಲ್ಕು ಸುತ್ತು ಬಂತು.
ಗಂಟೆ ನಿಂತಿತು, ಮತ್ತೆ ಹೊಡೆಯಿತು, ಮತ್ತೆ ನಿಂತಿತು.
ನಿಂತಾಗ ಹಾಯೆನಿಸಿತು.
ಇದನ್ನು ಯಾರಿಗೂ ಹೇಳಿಲ್ಲ.

ಹೋದೆ ಆಮೇಲೆ. ಏನೂ ಆಗಿರಲಿಲ್ಲ.
ದಿಂಬು ಜಾರಿತ್ತು, ಅಷ್ಟೇ.
'ಗಾಳಿ ತಿರುಗಿತೇನು ಬಾಯ್? ದೋಣಿ ಮೇಲೆಳೆದರೆ?'
ಎಳೆದಿದ್ದಾರೆ, ಅಂದೆ. ಸುಳ್ಳು. ನನಗೇನು ಗೊತ್ತು,
ಇವತ್ತು ಯಾವ ವಾರವೆಂದೂ ತಿಳಿಯದವಳಿಗೆ.
ದಿಂಬು ಸರಿಮಾಡಿ ತಿರುಗಿದಾಗ
ನನ್ನ ಬೆನ್ನಿನ ಹೆಸರನ್ನು ಅಕ್ಷರ ಕೂಡಿಸಿ ಓದಿದ.
'ತಾಂಡೇಲರ ಮಗಳೋ! ಹಾಗಾದರೆ ಚಿಂತೆಯಿಲ್ಲ.'

ಚಿಂತೆಯಿಲ್ಲ ಅಂದ.
ಕುಡಿಸಿದ ನೀರಿಗೆ ಖಾನೆಯಿದೆ ರಿಜಿಸ್ಟರಿನಲ್ಲಿ,
ಇಳಿದ ಮೂತ್ರಕ್ಕಿದೆ, ಮುಗಿದ ಸಿಲಿಂಡರಿಗಿದೆ.
ಆ ನಾಲ್ಕು ನಿಮಿಷ ಎಲ್ಲಿ ಬರೆಯಲಿ?

ನೀನು ಏನೂ ಅನ್ನಲಿಲ್ಲ.
ಎದ್ದೆ, ಕಿಟ್ ತೊಟ್ಟು ಕತ್ತಿನವರೆಗೆ ಜಿಪ್ ಎಳೆದುಕೊಂಡು
ಬೆನ್ನು ಕೊಟ್ಟು ನಿಂತೆ. ಹೆಸರು ಬರಿ, ಅಂದೆ.
ಮಾರ್ಕರಿನ ಮಸಿ 'ಪಿಯೆ'ಗೇ ತೀರಿತು.
ಉಳಿದ ಅಕ್ಷರಗಳನ್ನು ನಾನು ಬರಿ ಬೆರಳಿನಲ್ಲೇ ಬರೆದೆ,
ನಿಧಾನಕ್ಕೆ, ಒತ್ತಿ.
ಬಟ್ಟೆಯ ಮೇಲೆ ಏನೂ ಮೂಡಲಿಲ್ಲ.
'ಸಾಕು,' ಅಂದೆ ನೀನು, 'ನನಗೆ ತಿಳಿಯಿತು.'

ಒಳಗೆ ಏಳರ ಗಂಟೆ ಹೊಡೆಯುತ್ತಿತ್ತು.